ಕಥೋಲಿಕ ಪ್ರಾಥಮಿಕ ಶಾಲೆಯ ತಿಂಗಳ ಪತ್ರವನ್ನು ಬರೆಯುವ ಬಗೆ

ಪೋಷಕರಿಗೆ ತಿಂಗಳ ಪತ್ರ ಬರೆಯಲು ಕೂರುವ ಮೊದಲು, ಅದು ಯಾರ ಕೈ ಸೇರುತ್ತದೆ ಎಂಬುದನ್ನು ತರಗತಿವಾರು ಬರೆದಿಟ್ಟುಕೊಳ್ಳಬೇಕು. ರಾಯಚೂರು ಜಿಲ್ಲೆಯ ನಮ್ಮ ಕಡೆ ಅನೇಕ ತಂದೆ-ತಾಯಿಯರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಅಕ್ಷರ ಬರುವುದಿಲ್ಲ. ಆದ್ದರಿಂದ ಪತ್ರ ಒಂದು ಪುಟವನ್ನು ಮೀರಬಾರದು. ತರಗತಿ ಶಿಕ್ಷಕರು ಅದನ್ನು ಮೂರು ನಿಮಿಷದಲ್ಲಿ ಗಟ್ಟಿಯಾಗಿ ಓದಿ, ಆ ಧ್ವನಿಯನ್ನು ವಾಟ್ಸ್ಆ್ಯಪ್‌ನಲ್ಲಿ ಪೋಷಕರಿಗೆ ಕಳುಹಿಸಬೇಕು. ಓದುವಾಗ ನಾಲಿಗೆ ತೊಡರುವ ವಾಕ್ಯ ಕೇಳುವವರಿಗೂ ತಿಳಿಯುವುದಿಲ್ಲ. ಅದನ್ನು ಅಲ್ಲಿಯೇ ತಿದ್ದಿಕೊಳ್ಳುವುದು ಒಳ್ಳೆಯದು.

ಪತ್ರದ ಮೊದಲ ಜಾಗ ಮಕ್ಕಳ ಯೋಗಕ್ಷೇಮಕ್ಕೆ ಸಲ್ಲಬೇಕು. ವಾರ್ಷಿಕೋತ್ಸವದ ಅತಿಥಿಗಳ ಪಟ್ಟಿಯನ್ನು ಮೇಲೆ ಹಾಕಿ, ಮಕ್ಕಳ ವಿಷಯವನ್ನು ಕೊನೆಯ ಎರಡು ಸಾಲಿಗೆ ತಳ್ಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಪ್ರತಿ ತಿಂಗಳೂ ಒಂದೇ ಒಂದು ವಿಷಯವನ್ನು ಆರಿಸಿ, ಅದನ್ನು ಮನೆಯವರು ಗುರುತಿಸಬಲ್ಲ ಲಕ್ಷಣದಿಂದ ಆರಂಭಿಸಬೇಕು. 'ಮಕ್ಕಳ ಮಾನಸಿಕ ಆರೋಗ್ಯಕ್ಕೆ ಗಮನ ಕೊಡಿ' ಎಂದು ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 'ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಎನ್ನುವ ಮಗುವನ್ನು ಗದರಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ, ಶಾಲೆಯಲ್ಲಿ ಯಾರೊಡನೆ ಕೂರುತ್ತಾನೆ, ಯಾರ ಭಯವಿದೆ ಎಂದು ಮೆಲ್ಲಗೆ ಕೇಳಿ, ನಮಗೂ ತಿಳಿಸಿ' ಎಂದು ಬರೆದರೆ ಅಜ್ಜಿಗೂ ಅರ್ಥವಾಗುತ್ತದೆ.

ವಿಷಯಗಳನ್ನು ನಮ್ಮ ನೆಲವೇ ಒದಗಿಸುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಾತಿ ಕುಸಿಯುತ್ತದೆ. ಆ ತಿಂಗಳು, ತಪ್ಪಿದ ಪಾಠವನ್ನು ಶಾಲೆ ಯಾವ ಹೊತ್ತಿನಲ್ಲಿ ಮತ್ತೆ ಹೇಳಿಕೊಡುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಲ್ಲಿ ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡಬಹುದು. ಆ ಕಲೆಗೆ ಹಲ್ಲುಜ್ಜದಿರುವುದು ಕಾರಣವಲ್ಲ ಎಂದು ನಾವು ಒಮ್ಮೆ ಪತ್ರದಲ್ಲಿ ಬರೆದಾಗ, ನಗುವಾಗಲೆಲ್ಲ ಬಾಯಿಗೆ ಅಂಗೈ ಮುಚ್ಚಿಕೊಳ್ಳುತ್ತಿದ್ದ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದು, ತಾನು ಅವಳನ್ನು ಇಷ್ಟು ದಿನ ಸುಮ್ಮನೆ ಬೈದೆನಲ್ಲ ಎಂದು ಕಣ್ಣೀರಿಟ್ಟರು.

ಯಾವ ಮಗುವಿನ ಕಷ್ಟವನ್ನೂ ಹೆಸರು ಹಿಡಿದು ಬರೆಯಬಾರದು. ಶುಲ್ಕಕ್ಕೆ ನೆರವು ಪಡೆದ ಮೂವರ ಹೆಸರನ್ನು, ದಾನಿಗಳಿಗೆ ಕೃತಜ್ಞತೆ ಹೇಳುವ ಉತ್ಸಾಹದಲ್ಲಿ, ನಾನೇ ಒಮ್ಮೆ ಅಚ್ಚು ಹಾಕಿಸಿದ್ದೆ. ಮರುದಿನ ಅವರಲ್ಲಿ ಒಬ್ಬನನ್ನು ಗೆಳೆಯರು 'ಪುಕ್ಕಟೆ' ಎಂದು ಕರೆದರು. ಆ ತಪ್ಪನ್ನು ನಾನು ಮರೆತಿಲ್ಲ. ಭಾವಚಿತ್ರಕ್ಕೂ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕರೆ ಅದು ಪತ್ರದ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಗುರುತು ಬಹಿರಂಗಪಡಿಸುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಮತ್ತು ಮನಸ್ಸಿನ ಸಂಕಟಕ್ಕೆ ಹಗಲೂ ರಾತ್ರಿ ಉತ್ತರಿಸುವ ಟೆಲಿ ಮಾನಸ್ 14416, ಇವೆರಡನ್ನು ಪ್ರತಿ ಸಂಚಿಕೆಯ ಕೆಳಗೂ ದಪ್ಪಕ್ಷರದಲ್ಲಿ ಮುದ್ರಿಸಬೇಕು.

ವಿಶ್ವಾಸದ ಭಾಗವನ್ನು ಬರೆಯುವಾಗ ಸಂಕೋಚವೂ ಬೇಡ, ಒತ್ತಾಯವೂ ಬೇಡ. ನಮ್ಮದು ಕಥೋಲಿಕ ಶಾಲೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಮಕ್ಕಳನ್ನು ತಡೆದ ಶಿಷ್ಯರನ್ನು ಯೇಸು ಗದರಿಸಿದ್ದರಿಂದಲೇ ನಾವು ಈ ಕೆಲಸದಲ್ಲಿದ್ದೇವೆ ಎಂದು ನೇರವಾಗಿ ಹೇಳಬಹುದು. ಆದರೆ ಪತ್ರ ಓದುವವರಲ್ಲಿ ಹಿಂದೂ, ಮುಸ್ಲಿಂ ಕುಟುಂಬಗಳೂ ಇವೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಹಾಗಾಗಿ ಧರ್ಮೋಪದೇಶ ಕಥೋಲಿಕ ಮಕ್ಕಳಿಗೆ, ಅದೇ ಅವಧಿಯಲ್ಲಿ ನೀತಿಪಾಠ ಉಳಿದವರಿಗೆ ಎಂದು ಜೂನ್ ತಿಂಗಳ ಮೊದಲ ಪತ್ರದಲ್ಲಿಯೇ ತಿಳಿಸಿಬಿಟ್ಟರೆ ಅನುಮಾನಗಳು ಹುಟ್ಟುವುದಿಲ್ಲ. ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ), ಜಪಸರ (ಮಣಿ ಎಣಿಸುತ್ತಾ ಮಾಡುವ ಪ್ರಾರ್ಥನೆ), ತಪಸ್ಸುಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತಕಾಲ) ಎಂಬ ಪದಗಳು ಬಂದಾಗಲೆಲ್ಲ ಅರ್ಧ ವಾಕ್ಯದ ವಿವರಣೆ ಜೊತೆಗಿರಲಿ.

ತಪಸ್ಸುಕಾಲದ ಪತ್ರಕ್ಕೆ ಹೆಚ್ಚು ಎಚ್ಚರ ಬೇಕು. 2025ರಲ್ಲಿ ಈ ಕಾಲ ಆರಂಭವಾಗುವ ಬೂದಿ ಬುಧವಾರ ಮಾರ್ಚ್ 5ರಂದು ಬಂದಿತ್ತು, ರಂಜಾನ್ ಉಪವಾಸವೂ ಅದೇ ವಾರ ಆರಂಭವಾಗಿತ್ತು. ಬಿಸಿಲು ಏರುವ, ಪರೀಕ್ಷೆ ಹತ್ತಿರವಾಗುವ ಹೊತ್ತು ಅದು. ದೊಡ್ಡವರನ್ನು ನೋಡಿ ಪುಟ್ಟ ಮಕ್ಕಳೂ ನೀರು ಕುಡಿಯುವುದನ್ನೇ ಬಿಡಲು ಹೊರಡುತ್ತಾರೆ. ಚರ್ಚಿನ ನಿಯಮದಂತೆ ಉಪವಾಸ 18 ತುಂಬಿದವರಿಗೆ, ಮಾಂಸವರ್ಜನೆ 14 ತುಂಬಿದವರಿಗೆ. ಇಸ್ಲಾಮಿನಲ್ಲಿಯೂ ಪ್ರಾಯಕ್ಕೆ ಬಾರದ ಮಕ್ಕಳಿಗೆ ರೋಜಾ ಕಡ್ಡಾಯವಲ್ಲ. ಇದನ್ನು ಬರೆದು, ಮಕ್ಕಳಿಗೆ ತಕ್ಕ ತ್ಯಾಗವನ್ನೂ ಸೂಚಿಸಬೇಕು. ಜಗಳವಾಡಿದ ಗೆಳೆಯನೊಡನೆ ರಾಜಿಯಾಗುವುದು, ಮೊಬೈಲ್ ನೋಡುವ ಅರ್ಧ ಗಂಟೆಯನ್ನು ಅಜ್ಜಿಗೆ ಕೊಡುವುದು ಇಂಥವು ಎಲ್ಲ ಮನೆಗೂ ಒಪ್ಪುತ್ತವೆ.

ಊರಿನ ಸುದ್ದಿ ಚುಟುಕಾಗಿರಲಿ. ಧರ್ಮಕೇಂದ್ರದ (ಊರಿನ ಚರ್ಚಿನ) ಹಬ್ಬದ ದಿನಾಂಕ, ಆರೋಗ್ಯ ಶಿಬಿರ, ಪೋಷಕರ ಸಭೆ, ನಿವೃತ್ತರಾದ ಆಯಾ ಅವರಿಗೆ ಕೃತಜ್ಞತೆ, ಇಷ್ಟು ಸಾಕು. ಇತರರ ಹಬ್ಬಗಳನ್ನೂ ಅದೇ ಗೌರವದಿಂದ ಸೇರಿಸಬೇಕು. ಶತಮಾನಗಳಷ್ಟು ಹಳೆಯ ಕಥೋಲಿಕ ಚರ್ಚ್ ಇರುವ ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಿಯೇ ಮೊಹರಂಗೆ ಹಿಂದೂ, ಮುಸ್ಲಿಮರು ಕೂಡಿ ಸೇರುತ್ತಾರೆ. ನಮ್ಮ ಮಕ್ಕಳಿಗೆ ಇದು ಹೊಸ ಪಾಠವಲ್ಲ.

ಅಚ್ಚಿಗೆ ಕೊಡುವ ಮುನ್ನ ಕರಡನ್ನು ಮೂವರಿಗೆ ಓದಿ ಹೇಳಬೇಕು: ಕಥೋಲಿಕರಲ್ಲದ ಒಬ್ಬ ಪೋಷಕರಿಗೆ, ಬಿಸಿಯೂಟದ ಅಡುಗೆಯವರಿಗೆ, ಐದನೇ ತರಗತಿಯ ಒಂದು ಮಗುವಿಗೆ. ಪತ್ರದ ತುದಿಯಲ್ಲಿ ಪೋಷಕರು ತಮ್ಮ ಉತ್ತರ ಬರೆದು ಕತ್ತರಿಸಿ ಕೊಡಬಹುದಾದ ಚೀಟಿಯೊಂದಿರಲಿ, ಬರೆಯಲು ಬಾರದವರು ಮಗುವಿನಿಂದ ಬರೆಸಬಹುದು. ಮಗುವಿನ ಮುಂದೆ ಹೇಳಲಾಗದ ಮಾತಿದ್ದವರಿಗಾಗಿ, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಯಾವ ದಿನ, ಯಾವ ಹೊತ್ತಿನಲ್ಲಿ ಭೇಟಿಗೆ ಸಿಗುತ್ತಾರೆ ಎಂಬುದು ಆ ಚೀಟಿಯ ಮೇಲೆಯೇ ಮುದ್ರಿತವಾಗಿರಬೇಕು.