ಸಂಚಾರ ನಿಯಮದ ಕರಡಿಗೆ ಸಲಹೆ, ಆಕ್ಷೇಪಣೆ ಬರೆಯುವ ಬಗೆ

ಬದಲಾಗುತ್ತಿರುವುದು ಕಾಯ್ದೆಯೋ, ನಿಯಮವೋ, ಬರೀ ದಂಡದ ಮೊತ್ತವೋ ಎಂದು ಮೊದಲು ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆ, 1988ರ ಕಲಂಗಳನ್ನು ತಿದ್ದುವುದು ಸಂಸತ್ತು. ಕಾಯ್ದೆಯಡಿ ಸರ್ಕಾರ ಮಾಡುವ ನಿಯಮವಾದರೆ 212ನೇ ಕಲಂ ಪ್ರಕಾರ ಮೊದಲು ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಕೋರ್ಟಿಗೆ ಹೋಗದೆ ಕಟ್ಟುವ ದಂಡವನ್ನು 200ನೇ ಕಲಂನಡಿ ರಾಜ್ಯವೇ ನಿಗದಿ ಮಾಡುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೆಲ್ಮೆಟ್ ದಂಡವನ್ನು 1,000ದಿಂದ 500 ರೂಪಾಯಿಗೆ ಇಳಿಸಿದ್ದು ಹೀಗೆಯೇ.

ಗಡುವು, ವಿಳಾಸ ಕರಡಿನಲ್ಲೇ ಇರುತ್ತವೆ. ಕೇಂದ್ರದ ಕರಡಿಗೆ ಸಾಮಾನ್ಯವಾಗಿ 30 ದಿನ. ಪೇಪರಿನಲ್ಲಿ ಸುದ್ದಿ ಬಂದ ದಿನದಿಂದ ಎಣಿಸಬೇಡಿ, ರಾಜ್ಯಪತ್ರ (ಗೆಜೆಟ್) ಜನರಿಗೆ ಸಿಕ್ಕ ದಿನದಿಂದ ಎಣಿಸಿ.

"ದಂಡ ಹೆಚ್ಚಿಸಿ" ಎಂದಷ್ಟೇ ಬರೆದ ಪತ್ರದಿಂದ ಪ್ರಯೋಜನ ಕಡಿಮೆ. ಕಲಂ ಸಂಖ್ಯೆ, ಅದು ಹೇಳುವುದೇನು, ನಮ್ಮ ರಸ್ತೆಯಲ್ಲಿ ಆಗುತ್ತಿರುವುದೇನು, ಯಾವ ವಾಕ್ಯ ಸೇರಬೇಕು: ಈ ನಾಲ್ಕೂ ಇರಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಪಿಕಪ್‌ಗಳ ಹಿಂದೆ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವುದನ್ನೇ ತೆಗೆದುಕೊಳ್ಳಿ. ತಿರುವಿನಲ್ಲಿ ಗಾಡಿ ವಾಲಿದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪರವಾನಗಿ ಮೀರಿ ಜನ ತುಂಬಿದರೆ 194ಎ ಕಲಂ ಪ್ರಕಾರ ಹೆಚ್ಚುವರಿ ತಲೆಗೆ 200 ರೂಪಾಯಿ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಹೊಣೆ. ಹೆಚ್ಚಿನವರನ್ನು ಇಳಿಸಿ, ಅವರಿಗೆ ಬೇರೆ ವಾಹನ ಗೊತ್ತು ಮಾಡುವ ತನಕ ಗಾಡಿ ಬಿಡುವಂತಿಲ್ಲ. ಆ ವಾಹನದ ಖರ್ಚು ಯಾರದು ಎಂದು ಮಾತ್ರ ಕಲಂ ಹೇಳುವುದಿಲ್ಲ. ಕೂಲಿಯವರು ನಡುದಾರಿಯಲ್ಲಿ ಉಳಿಯುವುದು ಇಲ್ಲೇ. ಹಾಗಾಗಿ "ಬದಲಿ ವಾಹನದ ಖರ್ಚನ್ನು ಮಾಲೀಕರೇ ಭರಿಸತಕ್ಕದ್ದು" ಎಂಬ ವಾಕ್ಯ ಸೇರಿಸಲು ಕೇಳಿ. ನಮ್ಮ ಮಟ್ಟಿಗೆ ದಂಡ ದುಪ್ಪಟ್ಟು ಮಾಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಆಧಾರಕ್ಕೆ ದಿನಾಂಕ, ಸಮಯ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಇರುವ ಫೋಟೋ ಸಾಕು. ಕೂಲಿಯವರ ಮುಖ ಮರೆಮಾಡಿ, ಕೆಲಸ ಹೋಗುವುದು ಅವರದೇ.

ಪತ್ರದ ವಿಷಯದ ಸಾಲಿನಲ್ಲಿ ಕರಡಿನ ಜಿ.ಎಸ್.ಆರ್. ಸಂಖ್ಯೆ (ಕೇಂದ್ರದ ರಾಜ್ಯಪತ್ರದಲ್ಲಿ ಆ ಅಧಿಸೂಚನೆಗೆ ಕೊಟ್ಟ ಸಂಖ್ಯೆ) ಹಾಕಿ, ಹೆಸರು ವಿಳಾಸ ಬರೆದು ಸಹಿ ಮಾಡಿ. ಇಮೇಲ್ ಮಾಡಿದರೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪ್ರತಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಚಾರ್ಮಾಡಿ, ಶಿರಾಡಿ ಘಾಟಿಯ ಒಂದು ತಿರುವಿಗೆ ಫಲಕವೋ ವೇಗಮಿತಿಯೋ ಬೇಕಿದ್ದರೆ ದೆಹಲಿಗೆ ಬರೆಯಬೇಕಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ.

ಅಂತಿಮ ಅಧಿಸೂಚನೆಯಲ್ಲಿ ನಿಮ್ಮ ವಾಕ್ಯ ಕಾಣದಿದ್ದರೆ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆ ಕಡತದಲ್ಲಿ ಅಧಿಕಾರಿಗಳು ಅಭಿಪ್ರಾಯ ಬರೆದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ.