ಮುಂದಿನ ಸ್ಪ್ರಿಂಗ್ ಬದಲಿಸಿ ಕಾರು ಇಳಿಸಿದ ಬಗೆ: ನನ್ನ ಅನುಭವ

ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರನ್ನು ಮುಂದೆ ಎಷ್ಟು ಇಳಿಸಬೇಕು ಅಂತ ನಾನು ಟೈರಿಗೂ ಫೆಂಡರಿಗೂ ಇರುವ ಸಂದು ನೋಡಿ ತೀರ್ಮಾನಿಸುವುದಿಲ್ಲ. ಎರಡು ಸಂಗತಿ ನೋಡುತ್ತೇನೆ. ಕಾರು ನೆಲದ ಮೇಲೆ ನಿಂತಿರುವಾಗ ಡಸ್ಟ್ ಕವರ್ ಮೇಲೆತ್ತಿ, ಸ್ಟ್ರಟ್‌ನ ಮೇಲಂಚಿಗೂ ಬಂಪ್ ಸ್ಟಾಪ್‌ನ (ಸ್ಟ್ರಟ್ ಪೂರ್ತಿ ಕುಗ್ಗಿ ಬಡಿಯದಂತೆ ತಡೆಯುವ ಮೆದು ತುಂಡು) ತುದಿಗೂ ನಡುವೆ ರಾಡ್ ಎಷ್ಟು ಕಾಣುತ್ತದೆ ಅಂತ ಅಳೆಯುವುದು ಒಂದು. ಅಲ್ಲಿ 60 ಮಿ.ಮೀ. ಇದ್ದರೆ, 30 ಇಳಿಸಿದಾಗ ಉಳಿಯುವುದು ಸುಮಾರು ಅರ್ಧ. ಅದಕ್ಕೇ ಇಳಿಸುವ ಸ್ಪ್ರಿಂಗ್ ಗಟ್ಟಿಯಾಗಿಯೂ ಇರಬೇಕು. ಇನ್ನೊಂದು, ಚಕ್ರವನ್ನು ಕೆಳಗಡೆ ಕಾರಿಗೆ ಸೇರಿಸುವ ಲೋವರ್ ಆರ್ಮ್‌ನ ವಾಲು. ಅದರ ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲೆ ಹೋದರೆ, ಕಾರಿನ ಭಾರದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿದಿರುತ್ತದೆ. ಕಾರು ತಗ್ಗಿದ್ದರೂ ತಿರುವಿನಲ್ಲಿ ಬಾಡಿ ಹೆಚ್ಚು ವಾಲಲು ನೋಡುತ್ತದೆ. ಆರ್ಮ್ ನೆಲಕ್ಕೆ ಸಮವಾಗುವ ಮೊದಲೇ ನಾನು ನಿಲ್ಲಿಸುತ್ತೇನೆ.

ಹಳೇ ಸ್ಪ್ರಿಂಗ್ ಕತ್ತರಿಸುವುದು ಬೇಡ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸೀಟಿನಿಂದ ಸಡಿಲಾಗಿ ಜಾರಬಹುದು. ಗ್ಯಾಸ್‌ನಲ್ಲಿ ಕಾಯಿಸಿ ತಗ್ಗಿಸಿದರಂತೂ ಉಕ್ಕಿನ ಹದವೇ ಹೋಗುತ್ತದೆ.

ಬಿಚ್ಚುವ ಮುನ್ನ ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಎರಡೂ ಕಡೆ ಅಳತೆ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ತೆಗೆದ ಮೇಲೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್‌ನಿಂದ ಬಿಡಿಸಿ. ಲಿಂಕ್ ರಾಡ್‌ನ (ಸ್ಟ್ರಟ್ಟನ್ನು ಆ್ಯಂಟಿ-ರೋಲ್ ಬಾರ್‌ಗೆ, ಅಂದರೆ ಬಾಡಿ ವಾಲುವುದನ್ನು ತಡೆಯುವ ಸರಳಿಗೆ, ಸೇರಿಸುವ ಕಡ್ಡಿ) ನಟ್ ತಿರುಗಿಸುವಾಗ ಅದರ ಪಿನ್ನನ್ನು ಅಲೆನ್ ಕೀಯಿಂದ ಹಿಡಿಯದಿದ್ದರೆ ಪಿನ್ನೂ ಜೊತೆಗೇ ಸುತ್ತಿ ರಬ್ಬರ್ ಬೂಟ್ ಹರಿಯುತ್ತದೆ. ನಕಲ್‌ನ (knuckle, ಹಬ್ಬನ್ನು ಹಿಡಿದಿರುವ ಲೋಹದ ಭಾಗ) ಎರಡು ಬೋಲ್ಟ್ ಬಿಚ್ಚುವ ಮೊದಲು ಸ್ಟ್ರಟ್ ಕೂತಿರುವ ಜಾಗಕ್ಕೆ ಪೇಂಟಿನಲ್ಲಿ ಗೆರೆ ಎಳೆಯಿರಿ, ಲೋವರ್ ಆರ್ಮ್‌ಗೆ ಜಾಕ್ ಆನಿಸಿ. ಬೋಲ್ಟ್ ಬಂದ ಕೂಡಲೇ ನಕಲ್ ಹೊರಕ್ಕೆ ಬಾಗುತ್ತದೆ; ತಂತಿಯಿಂದ ಕಟ್ಟದಿದ್ದರೆ ಡ್ರೈವ್ ಶಾಫ್ಟ್‌ನ ಒಳಜಾಯಿಂಟ್ ಕಳಚಬಹುದು.

ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಎರಡನ್ನೂ ಎದುರುಬದುರಾಗಿ ಹಾಕಿ, ಒಂದಷ್ಟು ಸುತ್ತು ಇತ್ತ, ಅಷ್ಟೇ ಸುತ್ತು ಅತ್ತ, ಕೈ ಸ್ಪ್ಯಾನರ್‌ನಿಂದಲೇ ಬಿಗಿಯುತ್ತೇನೆ. ಸ್ಪ್ರಿಂಗ್ ಸೀಟಿನಲ್ಲಿ ಸಡಿಲಾಗಿ ಅಲ್ಲಾಡುವವರೆಗೆ ಮೇಲಿನ ನಡುನಟ್ (ರಾಡ್‌ನ ತುದಿಯ ನಟ್) ಮುಟ್ಟಬಾರದು, ಸ್ಟ್ರಟ್‌ನ ನೇರಕ್ಕೆ ಮುಖ ಇಡಬಾರದು. ಇದರಲ್ಲಿ ರಿಯಾಯಿತಿಯಿಲ್ಲ. ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಸೇರಿಸುವ ಟಾಪ್ ಮೌಂಟ್‌ನ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ಮರಳು ಸಿಕ್ಕಿದಂತೆ ಕರಕರ ಅಂದರೆ ಈಗಲೇ ಬದಲಿಸಿ, ಆಮೇಲಾದರೆ ಇಷ್ಟೇ ಕೆಲಸ ಮತ್ತೆ ಮಾಡಬೇಕು. ಬಂಪ್ ಸ್ಟಾಪ್ ಕತ್ತರಿಸಲು ಸ್ಪ್ರಿಂಗ್ ಜೊತೆಗಿನ ಸೂಚನೆ ಹೇಳಿದ್ದರೆ ಮಾತ್ರ ಕತ್ತರಿಸಿ, ಅದೂ ದಪ್ಪ ಬದಿಯಲ್ಲಿ; ಮೆದು ತುದಿ ಉಳಿಯಲಿ. ಹೊಸ ಸ್ಪ್ರಿಂಗ್‌ನ ಕೆಳತುದಿ ಸೀಟಿನ ಮೆಟ್ಟಿಲಿನ ಪಕ್ಕಕ್ಕೇ ಬರಬೇಕು. ಹೊಸ ಲಾಕ್ ನಟ್ ಬಳಸಿ, ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಯಿರಿ.

ಹೆಚ್ಚಿನವರು ಬಿಡುವ ಕೆಲಸ ಇನ್ನು ಮುಂದಿನದು. ಲೋವರ್ ಆರ್ಮ್‌ನ ಒಳಗಿನ ರಬ್ಬರ್ ಬುಷ್ ಜಾರಿ ತಿರುಗುವುದಿಲ್ಲ. ರಬ್ಬರ್ ಎರಡೂ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ, ಆರ್ಮ್ ಆಡಿದಾಗ ಅದೇ ತಿರುಚಿಕೊಳ್ಳುತ್ತದೆ. ಹಳೇ ಎತ್ತರದಲ್ಲಿ ಬಿಗಿದ ಬೋಲ್ಟನ್ನು ಹಾಗೇ ಬಿಟ್ಟರೆ, ಕಾರು ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬೇಗ ಸೀಳುತ್ತದೆ, ಎತ್ತರವೂ ಲೆಕ್ಕದಷ್ಟು ಇಳಿಯುವುದಿಲ್ಲ. ಅದಕ್ಕೆ ಆ ಬೋಲ್ಟ್‌ಗಳನ್ನು ಸಡಿಲಿಸಿ, ಕಾರನ್ನು ರ‍್ಯಾಂಪ್ ಮೇಲೆ ಚಕ್ರದ ಮೇಲೇ ನಿಲ್ಲಿಸಿ, ಬಾನೆಟ್ ಕೆಲವು ಸಲ ಒತ್ತಿ ಬಿಟ್ಟು, ಆಮೇಲೆ ಪೂರ್ತಿ ಟಾರ್ಕ್ ಕೊಡುತ್ತೇನೆ. ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟ ಮೇಲೆಯೇ ಕಾರಿನ ಅಡಿಗೆ ಹೋಗಿ.

ಕಾರು ಇಳಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಟೈರನ್ನು ಬೇಗ ತಿನ್ನುವುದು ಟೋ. ಹೀಗಾಗಿ ತಕ್ಷಣ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟ್ ಬೆಳಕೂ ಕೆಳಗೆ ಬಿದ್ದಿರುತ್ತದೆ, ಅದನ್ನು ಸರಿಮಾಡಿ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಣ್ ಅಂದರೆ ಸ್ಪ್ರಿಂಗ್ ತುದಿ ಅಥವಾ ಬೇರಿಂಗ್ ಸರಿಯಾಗಿ ಕೂತಿಲ್ಲ. ಸಣ್ಣ ಗುಂಡಿಗಳಲ್ಲಿ ಟಕಟಕ ಅಂದರೆ ಮೊದಲು ಲಿಂಕ್ ರಾಡ್ ನಟ್, ನಂತರ ಮೇಲಿನ ನಡುನಟ್ ನೋಡಿ.