ಪಾರಿಜಾತದ ವಿಡಿಯೊ: ಬಾಯಿ ಮೊದಲು, ಹಾಡು ಆಮೇಲೆ

ಲೋಕಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಶ್ರೀಕೃಷ್ಣ ಪಾರಿಜಾತ ಅನ್ನುವ ಜನಪದ ಆಟ ಇತ್ತು. ನಾನು ಮುಧೋಳದಲ್ಲಿ ಮದುವೆ ವಿಡಿಯೊ ಮಾಡುವವನು. ಮದುವೆಯಲ್ಲಿ ಸಣ್ಣ ತಪ್ಪಾದರೆ ಮೇಲೊಂದು ಹಾಡು ಹಾಕಿ ಮುಚ್ಚಬಹುದು. ಪಾರಿಜಾತದಲ್ಲಿ ಹಾಡೇ ಆಟ, ಮುಚ್ಚೋದು ಎಲ್ಲಿಂದ? ಅದೂ ಅಲ್ಲದೆ ಮೇಳದಲ್ಲಿ ವಯಸ್ಸಾದವರೇ ಜಾಸ್ತಿ. ಆ ರಾತ್ರಿಯ ಆಟ ಮತ್ತೆ ಸಿಗುವುದಿಲ್ಲ ಅಂತ ಗೊತ್ತಿದ್ದೇ ಹೋಗಿದ್ದೆ.

ಒಂದು ಕ್ಯಾಮೆರಾ ಹತ್ತಿರದ ಶಾಟ್‌ಗೆ, ಒಂದು ಫೋನು ಟ್ರೈಪಾಡ್ ಮೇಲೆ ಇಡೀ ರಂಗ ಕಾಣುವ ಹಾಗೆ, ಹಾರ್ಮೋನಿಯಂ ಪಕ್ಕ ಒಂದು ಆಡಿಯೊ ರೆಕಾರ್ಡರ್. ಮನೆಗೆ ಬಂದು ಎಲ್ಲವನ್ನೂ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದೆ. ಕ್ಯಾಮೆರಾದ ಒಂದು ಕ್ಲಿಪ್ಪೂ ಕಾಣಲಿಲ್ಲ. ದನಿ ಬರುತ್ತದೆ, ಪರದೆ ಕಪ್ಪು. ಅದೇ ಫೈಲು ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು.

ಫೈಲ್ ಕೆಟ್ಟಿದೆ ಅಂತ ಗಾಬರಿ ಆಗಿ ಕಾರ್ಡ್‌ನಿಂದ ಎರಡು ಸಲ ಕಾಪಿ ಮಾಡಿದೆ. ಹೆಸರಿನ ಕೊನೆಯ ಎಂಪಿ4 ತೆಗೆದು ಎಂಒವಿ ಅಂತ ಬರೆದೂ ನೋಡಿದೆ. ಅದರಿಂದ ಏನೂ ಆಗುವುದಿಲ್ಲ. ಎಂಪಿ4 ಅನ್ನುವುದು ಡಬ್ಬಿ ಅಷ್ಟೇ, ಒಳಗೆ ಚಿತ್ರವನ್ನು ಒತ್ತಿಟ್ಟಿರುವ ಬಗೆ ಬೇರೆ, ಅದಕ್ಕೆ ಕೋಡೆಕ್ ಅನ್ನುತ್ತಾರೆ. ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಉಪ್ಪು ಸಕ್ಕರೆ ಆಗಲ್ಲ ಅಲ್ವಾ?

ಆಮೇಲೆ ಮೀಡಿಯಾಇನ್ಫೋದಲ್ಲಿ ಫೈಲ್ ತೆರೆದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಇದು. ಉಚಿತವಾಗಿ ಸಿಗುತ್ತದೆ, ಫೈಲ್ ಎಳೆದು ಹಾಕಿದರೆ ಒಳಗಿನದೆಲ್ಲ ಹೇಳುತ್ತದೆ. ಕೋಡೆಕ್ ಎಚ್.265, 10 ಬಿಟ್, 4:2:2 ಅಂತ ತೋರಿಸಿತು. ಕೊನೆಯ ಎರಡೂ ಬಣ್ಣದ ವಿವರ ಎಷ್ಟು ಉಳಿಸಬೇಕು ಅನ್ನುವ ಲೆಕ್ಕ. ಬಣ್ಣ ಚೆನ್ನಾಗಿ ಬರಲಿ ಅಂತ ನಾನೇ ಕ್ಯಾಮೆರಾದಲ್ಲಿ ಹಾಗೆ ಇಟ್ಟಿದ್ದೆ. ಆದರೆ ಎಚ್.265ರಲ್ಲಿ ಈ 4:2:2 ಬಗೆಯನ್ನು ಎಷ್ಟೋ ಕಂಪ್ಯೂಟರ್‌ಗಳ ಗ್ರಾಫಿಕ್ಸ್ ಚಿಪ್ ಬಿಚ್ಚುವುದಿಲ್ಲ. ಇಂಟೆಲ್‌ನ ಈಚಿನ ತಲೆಮಾರುಗಳಲ್ಲಿ ಬಂತು, ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 50 ಸರಣಿಯವರೆಗೂ ಇರಲಿಲ್ಲ. ನನ್ನ ಲ್ಯಾಪ್‌ಟಾಪ್ ಹಳೆಯದು. ವಿಎಲ್‌ಸಿ ಕೋಡೆಕ್ ಬಿಚ್ಚಲು ತನ್ನದೇ ಡಿಕೋಡರ್ ಇಟ್ಟುಕೊಂಡಿರುತ್ತದೆ, ಅದಕ್ಕೇ ಅಲ್ಲಿ ಓಡಿತು.

ಷಟರ್ ಎನ್‌ಕೋಡರ್ ಅನ್ನುವ ಕೋಡೆಕ್ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಕ್ಯಾಮೆರಾದ ಎಲ್ಲ ಕ್ಲಿಪ್‌ಗಳನ್ನೂ ಪ್ರೋರೆಸ್ 422 ಮಾಡಿದೆ. ಅದು ಎಡಿಟಿಂಗ್‌ಗೆ ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುವ ಕೋಡೆಕ್. ಜಾಗದ ಲೆಕ್ಕ ಮೊದಲೇ ಹಾಕಿ. 4ಕೆಯಲ್ಲಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇದ್ದರೆ ಒಂದು ಗಂಟೆಗೆ ಸುಮಾರು 221 ಜಿಬಿ ಬೇಕು, 1080ರಲ್ಲಿ ಸುಮಾರು 55 ಜಿಬಿ. ನನಗೆ ಕೊನೆಗೆ ಬೇಕಾದದ್ದು 1080, ಹಾಗಾಗಿ ಅದಕ್ಕೇ ಇಳಿಸಿದೆ. ಎರಡು ಗಂಟೆಯ ಕ್ಲಿಪ್‌ಗಳು 110 ಜಿಬಿ ಆದವು. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ, ಮೊದಲು ಅರ್ಧ ನಿಮಿಷದ ಒಂದು ಕ್ಲಿಪ್ ಮಾಡಿ ಎಡಿಟರ್‌ನಲ್ಲಿ ತೆರೆದು ನೋಡಿ.

ನಿಜವಾದ ತೊಂದರೆ ಆಮೇಲೆ ಬಂತು. ಫೋನಿನ ವಿಡಿಯೊ ಎಡಿಟರ್‌ನಲ್ಲಿ ತಕರಾರಿಲ್ಲದೆ ತೆರೆಯಿತು, ಶುರುವಿನಲ್ಲಿ ಹೊಡೆದ ಚಪ್ಪಾಳೆಗೆ ರೆಕಾರ್ಡರ್‌ನ ದನಿ ಹೊಂದಿಸಿದೆ, ಸರಿಯಾಗಿ ಕೂತಿತು. ಮೇಳದ ಹಿರಿಯರನ್ನು ಕರೆದು ತೋರಿಸಿದೆ. ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ಅರ್ಧ ಗಂಟೆ ಸುಮ್ನೆ ನೋಡಿದರು. ಆಮೇಲೆ, "ತಮ್ಮಾ, ಬಾಯಿ ಮುಚ್ಚಿದ ಮ್ಯಾಲೆ ಹಾಡ ಬರಾಕತ್ತೈತಲ್ಲೋ" ಅಂದರು.

ನಿಜ. 40 ನಿಮಿಷದ ಕ್ಲಿಪ್‌ನ ಕೊನೆಗೆ ದನಿ ಎರಡು ಸೆಕೆಂಡಿಗಿಂತ ಜಾಸ್ತಿ ಹಿಂದೆ ಬಿದ್ದಿತ್ತು. ದನಿಯ ವೇಗವನ್ನು ಒಂದಿಷ್ಟು ಹೆಚ್ಚಿಸಿ ಎರಡು ತುದಿ ಸೇರಿಸಿದೆ. ಆದಿ ಅಂತ್ಯ ಕೂಡಿದವು, ನಡುವೆ ಸತ್ಯಭಾಮೆಯ ಹಾಡು ಇನ್ನೂ ತಪ್ಪುತ್ತಿತ್ತು. ಆಗ ತಿಳಿಯಿತು, ಇದು ಒಂದೇ ಸಮ ಜಾರುತ್ತಿಲ್ಲ, ಕೆಲವು ಕಡೆ ಮಾತ್ರ ಜಾರುತ್ತಿದೆ. ಪ್ರತಿ ಹಾಡಿನ ತಾಳದ ಪೆಟ್ಟು ಹಿಡಿದು ಗುರುತು ಹಾಕುತ್ತ ಹೋದೆ. ವೋಲ್ಟೇಜ್ ಇಳಿದು ಹ್ಯಾಲೊಜನ್ ದೀಪ ಮಂಕಾದ ಕಡೆಯಲ್ಲೇ ದನಿ ತಪ್ಪುತ್ತಿತ್ತು.

ಮೀಡಿಯಾಇನ್ಫೋ ಇಲ್ಲೂ ಕಾರಣ ಹೇಳಿತು. ಫ್ರೇಮ್ ರೇಟ್ ಮೋಡ್: ವೇರಿಯಬಲ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್ ಒಂದೇ ಸಮ ಇಲ್ಲ. ಕನಿಷ್ಠ 24ರ ಆಸುಪಾಸು, ಗರಿಷ್ಠ 30. ಬೆಳಕು ಕಡಿಮೆಯಾದಾಗ ಫೋನು ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಸೆಕೆಂಡಿಗೆ ಬರುವ ಫ್ರೇಮ್ ಕಡಿಮೆಯಾಗುತ್ತವೆ. ಎಡಿಟರ್ ಮಾತ್ರ ಎಲ್ಲವನ್ನೂ 30 ಅಂತಲೇ ಎಣಿಸುತ್ತದೆ. 24 ಬಂದ ಪ್ರತಿ ಸೆಕೆಂಡಿಗೂ 6 ಫ್ರೇಮ್ ಕೊರತೆ. ಐದು ಸೆಕೆಂಡ್ ದೀಪ ಮಂಕಾದರೆ 30 ಫ್ರೇಮ್ ಹೋದವು, ಅಂದರೆ ಚಿತ್ರ ಒಂದು ಸೆಕೆಂಡ್ ಮುಂದೆ ಓಡಿತು.

ಇದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಸಾಕು. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ ಆರಿಸಿ ಕಾನ್‌ಸ್ಟಂಟ್ ಅನ್ನುವುದಕ್ಕೆ ಗುರುತು ಹಾಕಬೇಕು, ಗುಣಮಟ್ಟ ಆರ್‌ಎಫ್ 16ರಿಂದ 18 (ಅಂಕಿ ಕಡಿಮೆ ಇದ್ದಷ್ಟೂ ಚಿತ್ರ ಚೆನ್ನ). ಅದು ಕಡಿಮೆ ಬಿದ್ದ ಜಾಗದಲ್ಲಿ ಅದೇ ಫ್ರೇಮನ್ನು ಮತ್ತೆ ಇಟ್ಟು ಸಮಯ ಸರಿಮಾಡುತ್ತದೆ. ನಾನು 25 ಇಟ್ಟೆ, ಯಾಕಂದರೆ ಕ್ಯಾಮೆರಾ 25ರಲ್ಲಿತ್ತು. ನಮ್ಮ ಕರೆಂಟು 50 ಹರ್ಟ್ಸ್, 25 ಫ್ರೇಮ್‌ಗೆ ಶಟರ್ 1/50 ಇಟ್ಟರೆ ದೀಪದ ಮಿಣುಕು ಕಾಣುವುದಿಲ್ಲ. ದೂರದ ಶಾಟ್‌ನಲ್ಲಿ 30ನ್ನು 25 ಮಾಡಿದ್ದು ಗೊತ್ತಾಗಲಿಲ್ಲ, ಕುಣಿಯುವ ಕಾಲಿನ ಮೇಲೆ ಮಾತ್ರ ಸ್ವಲ್ಪ ಕುಲುಕು ಕಾಣುತ್ತದೆ. ಅಲ್ಲೆಲ್ಲ ಕ್ಯಾಮೆರಾದ ಶಾಟ್ ಹಾಕಿದೆ.

ಮುಂದಿನ ಸಲದಿಂದ ಫೋನಿನಲ್ಲಿ ಫ್ರೇಮ್ ರೇಟ್ ಕಟ್ಟಿಹಾಕುವ ಕ್ಯಾಮೆರಾ ಆ್ಯಪ್ ಬಳಸುತ್ತಿದ್ದೇನೆ. ಐಫೋನ್ ತಂದವರಿಗೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಲು ಹೇಳುತ್ತೇನೆ, ಆಗ ಎಲ್ಲ ಕಡೆ ತೆರೆಯುವ ಹಳೆಯ ಕೋಡೆಕ್ ಎಚ್.264 ಬರುತ್ತದೆ. ವಾಟ್ಸ್ಯಾಪ್‌ನಲ್ಲಿ ಕಳಿಸುವವರು ಡಾಕ್ಯುಮೆಂಟ್ ಅಂತ ಕಳಿಸಲಿ, ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿಬಿಡುತ್ತದೆ.

ಎರಡೂವರೆ ಗಂಟೆಯ ಆಟ ಎಚ್.264ರಲ್ಲಿ 9 ಜಿಬಿ ಆಯಿತು. ಪೆನ್‌ಡ್ರೈವ್‌ಗೆ ಹೋಗಲಿಲ್ಲ, ಅದರ ಫಾರ್ಮ್ಯಾಟ್ ಎಫ್‌ಎಟಿ32, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಕಾಕಾನ ಮನೆ ಟಿವಿ ಓದಲಿಲ್ಲ. ಹಾಡು ಮುಗಿಯುವ ಕಡೆ ನೋಡಿ ಮೂರು ಭಾಗ ಮಾಡಿ ಕೊಟ್ಟೆ. ಕಾಕಾ ಟಿವಿಗೆ ಹತ್ತಿರ ಕೂತು, ಸತ್ಯಭಾಮೆ ಹಾಡುವಾಗ ಬಾಯಿಯನ್ನೇ ನೋಡುತ್ತಿದ್ದರು. ಎರಡನೇ ಹಾಡು ಬರುವ ಹೊತ್ತಿಗೆ ಹಿಂದಕ್ಕೆ ಒರಗಿ ತಾಳ ಹಾಕತೊಡಗಿದರು.